ಕಾಲುವೆ ಬಂದ್ ಆಗುವ ಮೊದಲು

ಸೇತುವೆಯ ಕೆಳಗೆ ಇಳಿಯುವಾಗ ತಲೆ ತಗ್ಗಿಸಿ. ಸ್ಲ್ಯಾಬು ಬಹಳ ಕೆಳಗಿದೆ. ಮೇಲಾಗಿ ನೀವು ನೋಡಲು ಬಂದದ್ದು ಅದರ ಅಡಿಗೇ ಅಂಟಿಕೊಂಡಿದೆ. ಬಾದನಹಟ್ಟಿಯ ಹೊಲಗಳ ನಡುವೆ ಹರಿಯುವ ಉಪಕಾಲುವೆ ಇದು. ಮಾರ್ಚ್ ತಿಂಗಳು, ಬೆಳಗಿನ ಆರೂವರೆ. ಕುರುಗೋಡಿನ ದೊಡ್ಡಬಸವೇಶ್ವರನ ತೇರು ಎಳೆದಾಗಿದೆ, ಯುಗಾದಿ ಇನ್ನೂ ಬಂದಿಲ್ಲ. ಮೇಲಿನ ರಸ್ತೆಯಲ್ಲಿ ದಿನದ ಮೊದಲ ಟ್ರ್ಯಾಕ್ಟರ್ ಹಾದುಹೋಗುತ್ತಿದ್ದಂತೆ ಸ್ಲ್ಯಾಬಿನಿಂದ ಒಂದಿಷ್ಟು ಧೂಳು ಉದುರಿ ನಿಮ್ಮ ಕುತ್ತಿಗೆಯೊಳಗೆ ಇಳಿಯುತ್ತದೆ. ಸಹಿಸಿಕೊಳ್ಳಿ. ಕೈ ಆಡಿಸಿದರೆ ಹಕ್ಕಿಗಳು ಒಳಗೆ ಬರುವುದಿಲ್ಲ. ಕಲ್ಲುಗೋಡೆಗೆ ಬೆನ್ನು ಕೊಟ್ಟು, ಚಪ್ಪಲಿ ನೀರಿಗೆ ಜಾರದಂತೆ ನೋಡಿಕೊಂಡು ಕೂತುಬಿಡಿ.

ಬಂತು. ನೀರಿಗೆ ಎದೆ ತಾಗಿತೇನೋ ಎಂಬಷ್ಟು ಕೆಳಗೆ ಹಾರಿಬಂದ ಹಕ್ಕಿ ಸೇತುವೆಯ ನೆರಳಿಗೆ ನುಗ್ಗಿದ್ದೇ ಸರಕ್ಕನೆ ಮೇಲೆದ್ದು ಗೋಡೆಗೆ ಕಾಲೂರುತ್ತದೆ. ನೆತ್ತಿ ಇಟ್ಟಿಗೆಗೆಂಪು, ಬೆನ್ನು ಹೊಳೆಯುವ ಕಡುನೀಲಿ, ಹೊಟ್ಟೆ ಅಚ್ಚಬಿಳಿ. ಬಾಲದ ಎರಡು ತುದಿಗಳಿಂದ ಕೂದಲಿನಷ್ಟು ತೆಳ್ಳನೆಯ ಎರಡು ಎಳೆ ಹಿಂದಕ್ಕೆ ಚಾಚಿವೆ. ತಂತಿಬಾಲದ ಕವಲುತೋಕೆ. ಬಾಲದ ಎಳೆ ಇಷ್ಟು ಉದ್ದ ಇದ್ದರೆ ಗಂಡು. ಹಿಂದೆಯೇ ಬಂದ ಇನ್ನೊಂದಕ್ಕೆ ಎಳೆ ಗಿಡ್ಡ, ಅದು ಹೆಣ್ಣು. ಎರಡರ ಬಾಯಲ್ಲೂ ಕೆಸರು.

ಗೂಡು ಅರ್ಧ ಹೋಳು ಮಾಡಿದ ತೆಂಗಿನ ಚಿಪ್ಪನ್ನು ಗೋಡೆಗೆ ಮೆತ್ತಿದಂತಿದೆ. ಮುಕ್ಕಾಲು ಪಾಲು ಮುಗಿದಿದೆ. ಹತ್ತಿರದಿಂದ ನೋಡಿದರೆ ಅದು ನುಣುಪಾಗಿಲ್ಲ, ಉಂಡೆ ಉಂಡೆ. ಒಂದೊಂದು ಉಂಡೆಯೂ ಒಂದೊಂದು ಬಾಯಿ ಕೆಸರು. ಕೆಳಗಿನ ಸಾಲುಗಳು ಒಣಗಿ ಬೂದಿ ಬಣ್ಣಕ್ಕೆ ತಿರುಗಿವೆ. ಅವುಗಳ ಮೇಲಿನದು ಮಾಸಲು ಕಂದು, ಅದು ನಿನ್ನೆಯ ಕೆಲಸ. ತುಟ್ಟತುದಿಯ ಸಾಲು ಕರ್ರಗೆ ಒದ್ದೆಯಾಗಿ ಹೊಳೆಯುತ್ತಿದೆ, ಈಗಷ್ಟೇ ಇಟ್ಟದ್ದು. ಯಾವ ದಿನ ಎಷ್ಟು ಕೆಲಸವಾಯಿತು ಎಂಬ ಹಾಜರಿ ಪುಸ್ತಕ ಗೋಡೆಯ ಮೇಲೆಯೇ ಇದೆ. ಹಕ್ಕಿ ಅಂಚಿನ ಮೇಲೆ ಬಗ್ಗಿ ಕೆಸರನ್ನು ಇಡುತ್ತದೆ, ಇಟ್ಟು ಬಿಟ್ಟುಬಿಡುವುದಿಲ್ಲ. ಗದ್ದವನ್ನು ಗಡಗಡ ಅದುರಿಸುತ್ತ ಒತ್ತುತ್ತದೆ. ಆ ಅದುರಿಗೆ ನೀರಿನಂಶ ಹರಡಿ ಹೊಸ ಉಂಡೆ ಹಳೆಯದರೊಳಕ್ಕೆ ಕೂರುತ್ತದೆ. ಕಾಂಕ್ರೀಟ್ ಹಾಕುವವರು ವೈಬ್ರೇಟರ್ ಬಿಟ್ಟು ಮಾಡುವ ಕೆಲಸವೇ ಇದು. ಮೇಲಿರುವ ಈ ಸ್ಲ್ಯಾಬಿಗೆ ಅದನ್ನು ನೆಟ್ಟಗೆ ಮಾಡಿದ್ದಾರೋ ಇಲ್ಲವೋ ಎಂಬ ಅನುಮಾನ, ಅಲ್ಲಲ್ಲಿ ಇಣುಕುವ ಕಬ್ಬಿಣದ ಸರಳು ನೋಡಿದರೆ, ಬರದೆ ಇರದು.

ಎರಡೂ ಹಾರಿಹೋದವು. ಈಗ ಹೊರಗೆ ತಲೆ ಹಾಕಿ. ತೂಬಿನ ಪಕ್ಕದಲ್ಲಿ ನೀರು ಸೋರಿ ಎರೆಮಣ್ಣು ನೆನೆದು ನಿಂತಿದೆಯಲ್ಲ, ಅಲ್ಲಿದ್ದಾವೆ. ಕಾಲು ಗಿಡ್ಡ, ನಡೆಯಲು ಬಾರದು. ರೆಕ್ಕೆ ಮೇಲೆತ್ತಿ ಬಡಿಯುತ್ತಲೇ ಕೊಕ್ಕನ್ನು ಕೆಸರಿಗೆ ಕುಕ್ಕಿ ಎದ್ದುಬಿಡುತ್ತವೆ. ಎಲ್ಲ ಕೆಸರೂ ಆಗುವುದಿಲ್ಲ. ಶುದ್ಧ ಎರೆ ಒದ್ದೆಯಿದ್ದಾಗ ಬಂಕೆಯಂತೆ ಅಂಟುತ್ತದೆ, ಒಣಗಿದಾಗ ಬಾಯಿ ಬಿಡುತ್ತದೆ. ಈ ಸೀಮೆಯ ಹೊಲಗಳಲ್ಲಿ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಕಂಡವರಿಗೆ ಅದನ್ನು ಹೇಳಿಕೊಡಬೇಕಿಲ್ಲ. ಕಾಲುವೆಯ ಅಂಚಿನಲ್ಲಿ ಹಾಗಲ್ಲ. ಹೊಳೆ ತಂದ ರೇವೆ ಎರೆಯ ಜೊತೆ ಬೆರೆತಿರುತ್ತದೆ, ಒಣಗಿದರೂ ಹಿಡಿದು ನಿಲ್ಲುತ್ತದೆ. ಜೋಡಿ ಮತ್ತೆ ಮತ್ತೆ ಹೋಗಿ ಇಳಿಯುವುದು ಅದೇ ಒಂದೆರಡು ಮೊಳ ಜಾಗದಲ್ಲಿ.

ಬಿಸಿಲು ಏರುತ್ತಿದ್ದಂತೆ ಕೆಲಸ ನಿಲ್ಲುತ್ತದೆ. ಕೆಸರು ಇನ್ನೂ ಇದೆ, ಹಕ್ಕಿಗೆ ದಣಿವೂ ಇದ್ದಂತಿಲ್ಲ. ಒಂದೇ ದಿನ ಹೆಚ್ಚು ಸಾಲು ಇಟ್ಟರೆ ಕೆಳಗಿನದು ಭಾರ ತಾಳದೆ ಜಾರುತ್ತದೆ. ಅದಕ್ಕೇ ಒಂದು ಪಟ್ಟಿ ಇಟ್ಟು, ಒಣಗಲು ಬಿಟ್ಟು, ಉಳಿದ ಹೊತ್ತು ಕರೆಂಟು ತಂತಿಯ ಮೇಲೆ ಗರಿ ತಿದ್ದಿಕೊಳ್ಳುತ್ತ, ಗಾಳಿಯಲ್ಲಿ ನೊಣ ಹಿಡಿಯುತ್ತ ಕಳೆಯುತ್ತವೆ.

ಆದರೆ ಅವಕ್ಕೆ ಒಂದು ಗಡುವು ಇದೆ. ಅದನ್ನು ಕೇಳಬೇಕಾದದ್ದು ಏರಿಯ ಮೇಲೆ ಸೈಕಲ್ ತಳ್ಳಿಕೊಂಡು ಬರುತ್ತಿರುವ ನೀರುಗಂಟಿಯನ್ನು.

“ನೀರು ಯಾವಾಗಿನವರೆಗೆ ಬರ್ತದೆ ಅಣ್ಣಾ?”

“ಏಪ್ರಿಲ್ ಹತ್ತಕ್ಕೆ ಬಂದ್ ಅಂತಾರ್ರಿ. ಡ್ಯಾಮಿನಾಗ ಇದ್ರೆ ಇನ್ನೊಂದ್ ನಾಕ್ ದಿನ. ಇಲ್ಲಾಂದ್ರೆ ಅಷ್ಟೂ ಇಲ್ಲ.”

1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೆ ಈ ಭಾಗದ ಪಂಚಾಂಗವನ್ನು ಬರೆಯುತ್ತಿರುವುದು ಎಲ್‌ಎಲ್‌ಸಿ, ಅಂದರೆ ಕೆಳಮಟ್ಟದ ಕಾಲುವೆ. ಭತ್ತದ ನಾಟಿ, ಮೆಣಸಿನಕಾಯಿಗೆ ಕಡೆಯ ನೀರು, ದನಕ್ಕೆ ಕುಡಿಯಲು, ಎಲ್ಲಕ್ಕೂ ಅದರದೇ ತಾರೀಖು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದು ಚೈನು ಕಡಿದು ಕೊಚ್ಚಿಹೋದಾಗ ಇಲ್ಲಿನ ಕಟ್ಟೆಗಳ ಮೇಲೆ ಬೇರೆ ಮಾತೇ ಇರಲಿಲ್ಲ. ಕವಲುತೋಕೆಯ ಪಂಚಾಂಗವೂ ಅದೇ. ನೀರು ಇರುವವರೆಗೆ ಕೆಸರು, ಕೆಸರು ಇರುವವರೆಗೆ ಗೋಡೆ. ಕಾಲುವೆ ಬಂದ್ ಆಗುವಷ್ಟರಲ್ಲಿ ಬಟ್ಟಲು ಮುಗಿದು, ಒಳಗೆ ಹುಲ್ಲು ಹಾಸಿ, ಗರಿ ಹಾಸಿ, ಮೊಟ್ಟೆ ಇಟ್ಟಿರಬೇಕು. ಇಲ್ಲವಾದರೆ ಮುಂಗಾರಿನ ತನಕ ಕಾಯಬೇಕು. ವಸಂತ ಬಂತು, ಹಕ್ಕಿ ಗೂಡು ಕಟ್ಟಿತು ಎಂದು ಶಾಲೆಯಲ್ಲಿ ಬರೆದ ಪ್ರಬಂಧವನ್ನು ಈ ಏರಿಯ ಮೇಲೆ ನಿಂತು ಓದಿದರೆ ನಗು ಬರುತ್ತದೆ. ಬಳ್ಳಾರಿ ಸೀಮೆಯಲ್ಲಿ ವಸಂತ ಎಂದರೆ ಹನ್ನೊಂದು ಗಂಟೆಗೇ ಮುಖ ಸುಡುವ ಬಿಸಿಲು. ಹಕ್ಕಿಗಳು ಚೈತ್ರವನ್ನು ನೋಡಿಕೊಂಡು ಕೂತಿಲ್ಲ. ತಮ್ಮ ತಮ್ಮ ಸಾಮಾನು ಎಂದು ಸಿಗುತ್ತದೋ ಅಂದೇ ಅವುಗಳ ಯುಗಾದಿ.

ಏರಿ ಹಿಡಿದು ನಡೆಯಿರಿ. ಎಡಕ್ಕೆ ಎರಡನೇ ಬೆಳೆಯ ಭತ್ತ, ಹಸಿರು ಕಣ್ಣಿಗೆ ಹೊಡೆಯುತ್ತದೆ. ಬಲಕ್ಕೆ ಕಣದಲ್ಲಿ ಹರವಿದ ಮೆಣಸಿನಕಾಯಿ, ಅದರ ಘಾಟು ಗಾಳಿಯಲ್ಲಿ ಬಂದು ಸೀನು ಬರಿಸುತ್ತದೆ. ದೂರದಲ್ಲಿ ಕುರುಗೋಡಿನ ಬಂಡೆಗುಡ್ಡಗಳು ಮಂಜುಮಂಜಾಗಿವೆ. ಮುಂದೆ ಏರಿಯನ್ನು ಕಡಿದು ಮಣ್ಣು ತೆಗೆದ ಕಡೆ ಒಂದಾಳೆತ್ತರದ ಮೆತ್ತನೆ ಮಣ್ಣಿನ ಗೋಡೆ ನಿಂತಿದೆ. ಅಲ್ಲಿ ನಿಲ್ಲಿ, ಮುಂದೆ ಹೋಗಬೇಡಿ. ಗೋಡೆಯಲ್ಲಿ ಒಂದು ತೂತಿನಿಂದ ಮಣ್ಣು ಚಿಮ್ಮುತ್ತಿದೆ.

ಒಳಗಿರುವುದು ಕಳ್ಳಿಪೀರ. ಮೈ ಹಸಿರು, ಕಣ್ಣಿಗೆ ಕಪ್ಪು ಪಟ್ಟಿ, ಬಾಲದ ನಡುವೆ ಎರಡು ಸೂಜಿಗರಿ, ತೆಳ್ಳನೆ ಬಾಗಿದ ಕೊಕ್ಕು. ಇಂಥ ಕೊಕ್ಕಿನಿಂದ ಮಣ್ಣು ಅಗೆಯುವುದೆಂದರೆ ನಂಬುವುದು ಕಷ್ಟ. ಕೊಕ್ಕಿನಿಂದ ಕುಕ್ಕಿ ಸಡಿಲ ಮಾಡುತ್ತದೆ, ಪುಟ್ಟ ಕಾಲುಗಳಿಂದ ಹಿಂದಕ್ಕೆ ಒದೆಯುತ್ತದೆ. ಚಿಮ್ಮುವ ಮಣ್ಣು ಕೆಳಗೆ ಸಣ್ಣ ಗುಪ್ಪೆಯಾಗಿದೆ. ಜೋಡಿ ಪಾಳಿಯಲ್ಲಿ ಅಗೆಯುತ್ತದೆ. ಒಂದು ಒಳಗಿದ್ದರೆ ಇನ್ನೊಂದು ತಂತಿಬೇಲಿಯ ಮೇಲೆ ಕೂತು ಜೇನ್ನೊಣ ಹಿಡಿದು, ಅದನ್ನು ತಂತಿಗೆ ಬಡಿದು ಬಡಿದು ಮುಳ್ಳು ಉದುರಿಸುತ್ತದೆ. ಬಿಲ ತೋಳುದ್ದವನ್ನೂ ಮೀರಿ ಒಳಗೆ ಹೋಗಿ ಕೊನೆಯಲ್ಲಿ ಒಂದು ಕೋಣೆಯಾಗುತ್ತದೆ. ಅಲ್ಲಿ ಹುಲ್ಲಿಲ್ಲ, ಹತ್ತಿಯಿಲ್ಲ, ಬರಿಯ ನೆಲದ ಮೇಲೆ ಬಿಳಿ ಮೊಟ್ಟೆ. ಈ ಹಕ್ಕಿಗೆ ಬೇಕಾದ ಸಾಮಾನು ಒಂದೇ, ಮೆತ್ತಗಿದ್ದೂ ಕುಸಿಯದ ಮಣ್ಣಿನ ಗೋಡೆ. ಮಳೆ ಹಿಡಿದರೆ ಬಿಲಕ್ಕೆ ನೀರು ನುಗ್ಗುತ್ತದೆ. ಆದ್ದರಿಂದ ಇದರ ಲೆಕ್ಕ ಕವಲುತೋಕೆಯದಕ್ಕೆ ತದ್ವಿರುದ್ಧ, ಒಣಗಿದ ಕಾಲವೇ ಇದಕ್ಕೆ ಹಬ್ಬ. ಕಾಲುವೆಗೆ ಕಾಂಕ್ರೀಟ್ ಲೈನಿಂಗ್ ಆದ ಕಡೆ ನಡೆದು ನೋಡಿ, ಅಲ್ಲಿ ಕವಲುತೋಕೆಗೆ ಕೆಸರೂ ಇಲ್ಲ, ಕಳ್ಳಿಪೀರಕ್ಕೆ ಗೋಡೆಯೂ ಇಲ್ಲ. ಟೇಲೆಂಡ್ ರೈತನಿಗೆ ನೀರು ಮುಟ್ಟಬೇಕಾದರೆ ಲೈನಿಂಗ್ ಬೇಕು, ಅದನ್ನು ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಅಂದಾಜು ಪಟ್ಟಿಯಲ್ಲಿ ಈ ಬಿಲಗಳ ಲೆಕ್ಕ ಯಾರೂ ಬರೆಯುವುದಿಲ್ಲ ಎಂಬುದೂ ನಿಜ.

ಇಲ್ಲಿ ನಿಂತು ನೀವೇ ಒಂದು ಪರೀಕ್ಷೆ ಮಾಡಬಹುದು. ಪಕ್ಕದಲ್ಲಿ ಇನ್ನೊಂದು ಬಿಲವಿದೆ, ಅದರ ಜೋಡಿ ಮುಂಚಿತವಾಗಿ ಶುರು ಮಾಡಿ ಈಗಾಗಲೇ ಮರಿ ಮಾಡಿದೆ. ಬೇಲಿಯ ಮೇಲೆ ಕೂತಿರುವ ಹಕ್ಕಿಯ ಕೊಕ್ಕಿನಲ್ಲಿ ಏರೋಪ್ಲೇನ್ ಚಿಟ್ಟೆ ಇದೆ, ಮರಿಗೆಂದು ತಂದದ್ದು. ಒಳಗೆ ಹೋಗದೆ ಕೂತಿದೆ, ತಲೆ ಅತ್ತ ಇತ್ತ ತಿರುಗಿಸುತ್ತಿದೆ. ಅದು ನೋಡುತ್ತಿರುವುದು ನಿಮ್ಮನ್ನು. ಈಗ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು ಆ ಜಾಲಿಗಿಡದ ಮರೆಗೆ ಬನ್ನಿ. ಹಕ್ಕಿಗೂ ನಿಮಗೂ ಇರುವ ದೂರ ಅಷ್ಟೇ ಇದೆ, ನೀವು ಅದಕ್ಕೆ ಕಾಣುತ್ತಲೂ ಇದ್ದೀರಿ. ಆದರೆ ಇಲ್ಲಿಂದ ಬಿಲದ ಬಾಯಿ ನಿಮಗೆ ಕಾಣುವುದಿಲ್ಲ. ಅಗೋ, ಹೋಯಿತು. ಪುಣೆಯ ಮಿಲಿಂದ್ ವಾಟ್ವೆ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದ ತಿರುಳು ಇದೇ: ಮನುಷ್ಯ ಹತ್ತಿರದಲ್ಲಿದ್ದಾನೆಯೇ ಎಂಬುದಷ್ಟೇ ಅಲ್ಲ, ಅವನು ನಿಂತ ಜಾಗದಿಂದ ತನ್ನ ಗೂಡು ಅವನಿಗೆ ಕಾಣುತ್ತದೆಯೇ ಎಂಬುದನ್ನೂ ಕಳ್ಳಿಪೀರ ಲೆಕ್ಕ ಹಾಕುತ್ತದೆ. ಒಂದು ಹಿಡಿ ಗಾತ್ರದ ಹಕ್ಕಿ ನಿಮ್ಮ ಕಣ್ಣಿನೊಳಗೆ ಕೂತು ನೋಡುತ್ತಿದೆ ಎಂದಾಯಿತು. ಇದು ತಿಳಿದ ಮೇಲೆ ಬಿಲದೆದುರು ಹೊತ್ತುಗಟ್ಟಲೆ ಕ್ಯಾಮೆರಾ ಇಟ್ಟು ನಿಲ್ಲುವವರನ್ನು ಕಂಡರೆ ಸಿಟ್ಟು ಬರುತ್ತದೆ. ಅಷ್ಟೂ ಹೊತ್ತು ಒಳಗಿನ ಮರಿ ಉಪವಾಸ.

ಏರಿಯಿಂದ ಇಳಿದು ಊರ ಕಡೆಯ ದಾರಿ ಹಿಡಿದರೆ ಎರಡೂ ಬದಿ ಬಳ್ಳಾರಿ ಜಾಲಿ. ಅದರ ಮುಳ್ಳುಗಳಿಗೆ ಬಿಳಿ ಬಿಳಿ ಸಿಕ್ಕಿಕೊಂಡಿರುವುದನ್ನು ಹೂವು ಎಂದುಕೊಳ್ಳಬೇಡಿ, ಅದು ಹತ್ತಿ. ಕೊನೆಯ ಬಿಡಿಸುವಿಕೆ ಮುಗಿದು, ಕಟ್ಟಿದ ಅಂಡಿಗೆಗಳನ್ನು ಟ್ರ್ಯಾಕ್ಟರಿನಲ್ಲಿ ಬಳ್ಳಾರಿಗೆ ಹೇರುವಾಗ ದಾರಿಯುದ್ದಕ್ಕೂ ಜಾಲಿ ತನ್ನ ಪಾಲು ಕಿತ್ತುಕೊಳ್ಳುತ್ತದೆ. ರೈತನಿಗೆ ಅದು ಲೆಕ್ಕಕ್ಕೆ ಬಾರದ ಸೋರಿಕೆ. ಆದರೆ ಪಡೆಯುವವರಿದ್ದಾರೆ. ಆ ಗಿಡದ ಬುಡದಲ್ಲಿ ಬಾಲ ನೆಟ್ಟಗೆ ನಿಲ್ಲಿಸಿಕೊಂಡು, ಗಾತ್ರಕ್ಕೆ ಮೀರಿದ ಗಂಟಲಿನಲ್ಲಿ ಟುವಿ ಟುವಿ ಟುವಿ ಎಂದು ಒಂದೇ ಸಮನೆ ಕೂಗುತ್ತಿದೆಯಲ್ಲ, ಸಿಂಪಿಗ. ಕೂಗುತ್ತಿರುವುದು ಗಂಡು. ಕೆಲಸ ಮಾಡುತ್ತಿರುವುದು ಹೆಣ್ಣು. ಅದು ಮುಳ್ಳಿನಿಂದ ಒಂದು ಎಳೆ ಹತ್ತಿ ಎಳೆದುಕೊಂಡು, ಬೇಲಿ ದಾಟಿ, ಮೂಲೆಮನೆಯ ಹಿತ್ತಲಿಗೆ ಹಾರಿತು.

ಹಿತ್ತಲಿನ ಯಜಮಾನಿಗೆ ಹೇಳಿ ಒಳಗೆ ಬನ್ನಿ. “ಬರ್ರಿ, ನೋಡ್ರಿ, ಕೈ ಹಚ್ಚಬ್ಯಾಡ್ರಿ ಅಷ್ಟೇ” ಎಂದು ಆಕೆ ಪಾತ್ರೆ ತಿಕ್ಕುವುದನ್ನು ಮುಂದುವರಿಸುತ್ತಾಳೆ. ಬಚ್ಚಲ ನೀರು ಹರಿಯುವ ಕಡೆ ಒಂದು ಅಂಜೂರದ ಗಿಡ. ಸೊಂಟದೆತ್ತರದ ರೆಂಬೆಯಲ್ಲಿ ಒಂದು ಎಲೆ ಉಳಿದವುಗಳಂತೆ ಚಪ್ಪಟೆಯಾಗಿಲ್ಲ, ಎರಡೂ ಅಂಚು ಒಳಕ್ಕೆ ಮಡಿಚಿ ಕೊಳವೆಯಾಗಿದೆ. ನಿಧಾನವಾಗಿ ಮಂಡಿಯೂರಿ. ಹಕ್ಕಿ ಈಗ ಇಲ್ಲ, ಬರುವಷ್ಟರಲ್ಲಿ ನೋಡಿಕೊಳ್ಳಿ. ಎಲೆಯ ಅಂಚಿನುದ್ದಕ್ಕೂ ಸೂಜಿಯಿಂದ ಚುಚ್ಚಿದಷ್ಟು ಸಣ್ಣ ತೂತುಗಳಿವೆ, ಒಂದೊಂದರ ಸುತ್ತಲೂ ಕಂದು ಬಣ್ಣದ ತೆಳುಗೆರೆ, ಗಾಯ ಒಣಗಿದ ಗುರುತು. ಈ ಅಂಚಿನ ತೂತಿನಿಂದ ಆ ಅಂಚಿನ ತೂತಿಗೆ ಹತ್ತಿಯ ಎಳೆ ಹೋಗಿದೆ. ಉದ್ದ ದಾರ ಪೋಣಿಸಿದ ಹೊಲಿಗೆ ಅಲ್ಲ ಇದು. ಒಂದೊಂದು ಜೋಡಿ ತೂತಿಗೆ ಬೇರೆ ಬೇರೆ ಎಳೆ. ಗಂಟೂ ಇಲ್ಲ. ತೂತಿನಿಂದ ಆಚೆ ಬಂದ ಹತ್ತಿಯ ತುದಿ ಅರಳಿ ದಪ್ಪವಾಗುತ್ತದೆ, ಮತ್ತೆ ತೂತಿನೊಳಗೆ ಹಿಂದಕ್ಕೆ ಹೋಗದು. ಅಷ್ಟರಿಂದಲೇ ಹಿಡಿತ. ತೂತು ಕೊಂಚ ದೊಡ್ಡದಾದರೂ ಎಳೆ ಜಾರುತ್ತದೆ, ಅಂಚಿಗೆ ಹತ್ತಿರವಾದರೆ ಎಲೆ ಹರಿಯುತ್ತದೆ. ಮುಖ್ಯವಾದದ್ದೆಂದರೆ ಎಲೆಯ ತೊಟ್ಟನ್ನು ಹಕ್ಕಿ ಮುಟ್ಟಿಲ್ಲ. ಎಲೆ ಬದುಕಿದೆ, ಹಸಿರಾಗಿದೆ. ನಾಳೆ ಒಳಗೆ ಹತ್ತಿ ತುಂಬಿ ಮೊಟ್ಟೆಯಿಟ್ಟಾಗಲೂ ಹೊರಗಿನಿಂದ ಅದು ಬರೀ ಎಲೆಯಾಗಿಯೇ ಇರುತ್ತದೆ.

ಹಿಂದೆ ಸರಿಯಿರಿ, ಬಂತು. ಕೊಳವೆಯೊಳಗೆ ತಲೆ ತೂರಿಸಿ, ಎಲೆಯ ಒಳಗಿನಿಂದ ಚುಚ್ಚಿ, ಹೊರಗೆ ಬಂದು ಎಳೆಯ ತುದಿ ಹಿಡಿದು ಜಗ್ಗುತ್ತದೆ. ಜಗ್ಗಿದಾಗ ಇಡೀ ರೆಂಬೆ ಅಲುಗುತ್ತದೆ. ಎಳೆ ಸರಿಯಾಗಿ ಕೂರಲಿಲ್ಲವೇನೋ, ಮತ್ತೆ ಒಳಗೆ ಹೋಗಿ ಮತ್ತೆ ಹೊರಗೆ. ಬೇರೆ ಊರಿನ ಸಿಂಪಿಗಕ್ಕೆ ಜೇಡರ ಬಲೆ, ಬೂರುಗದ ಅರಳೆ, ನಾರು ಇವೇ ಗತಿ. ಬಾದನಹಟ್ಟಿಯ ಸಿಂಪಿಗಕ್ಕೆ ಹತ್ತಿ ಮಾರುಕಟ್ಟೆಗೆ ಹೋಗುವ ದಾರಿಯಲ್ಲೇ ಮನೆ.

ಈಗ ಊರೊಳಗೆ. ಯುಗಾದಿಯ ಮುಂಚಿನ ದಿನಗಳೆಂದರೆ ಗೊತ್ತಲ್ಲ, ಪ್ರತಿ ಮನೆಯ ಮುಂದೆ ಸಾಮಾನು ಹೊರಗೆ, ಹಾಸಿಗೆ ಬಿಸಿಲಿಗೆ, ಉದ್ದ ಕೋಲಿಗೆ ಪೊರಕೆ ಕಟ್ಟಿ ಮೂಲೆಮೂಲೆಯ ಬಲೆ ಜಾಡಿಸುವ ಸಂಭ್ರಮ, ಆಮೇಲೆ ಸುಣ್ಣ. ಸರಿಯಾಗಿ ಇದೇ ದಿನಗಳಲ್ಲಿ ಸೂರಕ್ಕಿಗೆ ಜೇಡರ ಬಲೆ ಬೇಕು. ಪಡಸಾಲೆಯ ಮುಂದೆ ಜೋತಾಡುವ ಕೇಬಲ್ ವೈರಿನ ತುದಿಗೆ ಕಸದ ಚೂರು ಸಿಕ್ಕಿಕೊಂಡಂತೆ ಕಾಣುತ್ತಿದೆಯಲ್ಲ, ಅದು ಅದರ ಗೂಡು. ಹೆಬ್ಬೆರಳಿನಷ್ಟು ಹಕ್ಕಿ, ಬೆನ್ನು ಬೂದುಕಂದು, ಹೊಟ್ಟೆ ತೆಳುಹಳದಿ. ಬಿಸಿಲಿಗೆ ನೇರಳೆ ಮಿನುಗುವ ಗಂಡು ಎದುರು ದಾಸವಾಳದ ಮೇಲೆ ಕೂತು ಹಾಡುತ್ತದೆ, ಗೂಡಿಗೆ ಒಂದು ಕಡ್ಡಿಯನ್ನೂ ತರುವುದಿಲ್ಲ. ಮರಿಯಾದ ಮೇಲೆ ಉಣಿಸಲು ಬರುತ್ತದೆ, ಅಷ್ಟರ ಮಟ್ಟಿಗೆ ಪರವಾಗಿಲ್ಲ. ಹೆಣ್ಣು ಮೊದಲು ವೈರಿಗೆ ಬಲೆಯನ್ನು ಸುತ್ತಿ ಸುತ್ತಿ ಹಗ್ಗ ಮಾಡುತ್ತದೆ. ಆ ಹಗ್ಗಕ್ಕೆ ಒಣ ಎಲೆ, ತೊಗಟೆಯ ಚೂರು, ಕಂಬಳಿಹುಳುವಿನ ಹಿಕ್ಕೆ, ಕಾಗದದ ತುಣುಕು ಮೆತ್ತುತ್ತ ಕೆಳಗೆ ಇಳಿಸುತ್ತದೆ. ಮುದ್ದೆಯಾದ ಮೇಲೆ ಒಳಗೆ ನುಗ್ಗಿ ಎದೆಯಿಂದ ಒತ್ತಿ ಒತ್ತಿ ಪೊಳ್ಳು ಮಾಡುತ್ತದೆ. ಪಕ್ಕದಲ್ಲಿ ಬಾಗಿಲು, ಬಾಗಿಲ ಮೇಲೆ ಮಳೆ ಬಿಸಿಲಿಗೆ ಒಂದು ಸೂರು. ನೋಡಲು ಹೊಲಸಾಗಿರುವುದೇ ಅದರ ರಕ್ಷಣೆ. ಬೆಕ್ಕಿಗೂ ಕಾಗೆಗೂ ಅದು ಕಸ.

ಈ ಮನೆಯ ಅಜ್ಜಿ ಮೂಲೆಯ ಒಂದು ಬಲೆಯನ್ನು ಮಾತ್ರ ಜಾಡಿಸಲು ಬಿಟ್ಟಿಲ್ಲ. ಸೊಸೆಗೆ ಅದು ಕಿರಿಕಿರಿ. “ಹಬ್ಬಕ್ಕ ಬಂದೋರು ಏನಂದಾರು, ಅತ್ತೀ?” “ಅಂದ್ರ ಅನ್ಲಿ ಬಿಡವ್ವ. ಗೂಡು ಮುಗೀಲಿ, ಆಮ್ಯಾಗ ಜಾಡಿಸ್ವಂತಿ.” ಸೂರಕ್ಕಿ ಇಬ್ಬರ ನಡುವೆಯೇ ಹಾರಿ ಒಳಬಂದು ಮೂಲೆಯ ಬಲೆಗೆ ಕೊಕ್ಕು ಹಾಕಿ ಒಂದು ಸುತ್ತು ತಿರುಗುತ್ತದೆ. ಬಲೆ ಕೊಕ್ಕಿಗೆ ಸುತ್ತಿಕೊಂಡು ಬಿಳಿ ಮೀಸೆ ಬಂದಹಾಗಾಗುತ್ತದೆ. ಸೊಸೆ ನಕ್ಕುಬಿಡುತ್ತಾಳೆ. ಜಗಳ ಮುಂದೆ ಹೋಗುವುದಿಲ್ಲ.

ಗುಬ್ಬಿಯನ್ನು ನೋಡಲು ಹಳೆಯ ಓಣಿಗೇ ಹೋಗಬೇಕು, ಮಣ್ಣಿನ ಮಾಳಿಗೆ ಉಳಿದಿರುವ ಕಡೆಗೆ. ತೊಲೆಗೂ ಜಂತಿಗೂ ನಡುವಿನ ಸಂದಿಯೇ ಅದಕ್ಕೆ ಸೈಟು. ಆರ್‌ಸಿಸಿ ಮನೆಯಲ್ಲಿ ಸಂದಿ ಎಂಬುದೇ ಇಲ್ಲ, ಅಲ್ಲಿ ಕರೆಂಟಿನ ಮೀಟರ್ ಡಬ್ಬಿಯ ಹಿಂದೆ ಹುಲ್ಲು ತುರುಕಿ ಹೇಗೋ ಹೊಂದಿಕೊಂಡಿದೆ. 2010ರಿಂದ ಮಾರ್ಚ್ 20ನ್ನು ಗುಬ್ಬಚ್ಚಿ ದಿನ ಎಂದು ಆಚರಿಸುತ್ತಾರೆ. ಆ ದಿನ ಹಂಚುವ ರಟ್ಟಿನ ಪೆಟ್ಟಿಗೆಗಳು ಬಳ್ಳಾರಿಯ ಬಿಸಿಲಿಗೆ ಒಳಗೆ ಒಲೆಯಾಗುತ್ತವೆ ಎಂದು ಕೊಡುವವರಿಗೆ ಯಾರಾದರೂ ಹೇಳಬೇಕು. ಕೊಡುವುದಾದರೆ ಮಣ್ಣಿನ ಮಡಕೆ ಕೊಡಲಿ, ನೆರಳಿಗೆ ಕಟ್ಟಿಸಲಿ. ಈಗ ಗುಬ್ಬಿಯ ಕೊಕ್ಕನ್ನು ನೋಡಿ: ಹುಲ್ಲಲ್ಲ, ಬೇವಿನ ಹಸಿ ಎಲೆ. ಕೋಲ್ಕತ್ತದ ಗುಬ್ಬಿಗಳು ಗೂಡಿಗೆ ಬೇವಿನ ಎಲೆ ಸೇರಿಸುವುದನ್ನು ಗಮನಿಸಿ ಸೇನ್‌ಗುಪ್ತ ಎಂಬ ವಿಜ್ಞಾನಿ 1981ರಲ್ಲಿ ಬರೆದಿದ್ದರು, ಗೂಡಿನ ಹುಳುಹುಪ್ಪಟೆ ದೂರವಿಡಲು ಇದು ನೆರವಾಗುತ್ತದೆ ಎಂದು. ಜೋಳದ ಕಣಜಕ್ಕೆ ಬೇವಿನ ಸೊಪ್ಪು ಹಾಕುವ ಊರಿನಲ್ಲಿ ಇದು ಯಾರಿಗೂ ಆಶ್ಚರ್ಯ ಅನ್ನಿಸದು.

ಬಸ್ ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ಒಗ್ಗರಣೆ-ಮಿರ್ಚಿಗೆ ಹೇಳಿ ಕೂತುಕೊಳ್ಳಿ, ಹೊಟ್ಟೆಗೂ ಆಯಿತು, ನೋಟಕ್ಕೂ ಆಯಿತು. ಮೇಲೆ ಕಾಗೆ ಜೋಡಿ ಈಗಷ್ಟೇ ತಳ ಹಾಕುತ್ತಿದೆ. ಜಾಲಿಯ ಕಡ್ಡಿಗಳ ನಡುವೆ ತುಕ್ಕು ಹಿಡಿದ ಬೈಂಡಿಂಗ್ ವೈರು, ಪಕ್ಕದಲ್ಲಿ ಕಟ್ಟುತ್ತಿರುವ ಮನೆಯಿಂದ ಎತ್ತಿದ್ದು. ವೈರು ಬಾಗುತ್ತದೆ, ಬಾಗಿದ ಮೇಲೆ ಹಾಗೇ ನಿಲ್ಲುತ್ತದೆ. ಕಾಗೆಗೆ ಇದು ಅರ್ಥವಾಗಿ ಬಹಳ ಕಾಲವಾಯಿತು. ಅತ್ತ ಮರದ ಇನ್ನೊಂದು ಮಗ್ಗುಲಲ್ಲಿ ಕೋಗಿಲೆ ಕೂಗುತ್ತಿದೆ. ಕಾಗೆಯ ಗೂಡು ಮುಗಿಯುವುದನ್ನು ಕಾಗೆಗಿಂತ ಹೆಚ್ಚು ಕಾತರದಿಂದ ಕಾಯುತ್ತಿರುವುದು ಅದೇ. ಕವಿಗಳು ಏನೇ ಬರೆಯಲಿ, ಆ ಇಂಪಾದ ದನಿಯ ಹಿಂದೆ ಇರುವುದು ಬೇರೆಯವರ ಮನೆಯ ಮೇಲಿನ ಕಣ್ಣು. ಗಂಡು ಕೂಗಿ ಕೆಣಕಿ ಕಾಗೆಗಳನ್ನು ಅಟ್ಟಿಸಿಕೊಂಡು ಹೋಗುವಂತೆ ಮಾಡಿದರೆ, ಚುಕ್ಕೆಮೈಯ ಹೆಣ್ಣು ಸದ್ದಿಲ್ಲದೆ ಬಂದು ಮೊಟ್ಟೆಯಿಟ್ಟು ಹೋಗುತ್ತದೆ. ಮೇಲ್ತುದಿಯ ಕವಲಿನಲ್ಲಿ ಕಾಜಾಣ ಬೇರೆ ಜಾಗ ನೋಡುತ್ತಿದೆ. ಅದು ಗೂಡು ಹಾಕಿದ ಮರಕ್ಕೆ ಕಾಗೆಗೂ ಹದ್ದಿಗೂ ಪ್ರವೇಶವಿಲ್ಲ, ಕುಕ್ಕಿ ಓಡಿಸುತ್ತದೆ. ಅದನ್ನು ನಂಬಿಕೊಂಡು ಪಿಕಳಾರ, ಬೆಳವಗಳು ಅದೇ ಮರದ ಕೆಳಗಿನ ಟೊಂಗೆಗಳಲ್ಲಿ ಸಂಸಾರ ಹೂಡುತ್ತವೆ. ಈ ಮರದಲ್ಲಿ ಕಾಗೆ ಮೊದಲು ಬಂದುಬಿಟ್ಟಿದೆ. ಮುಂದೇನಾಗುತ್ತದೋ, ಮಿರ್ಚಿ ಮಾರುವವನಿಗೆ ಬಿಟ್ಟಿ ಸಿನಿಮಾ.

ಗೂಡೇ ಇಲ್ಲದವೂ ಉಂಟು. ಕಣದ ಆಚೆ ಗರಸಿನ ನೆಲದಲ್ಲಿ ನಾಲ್ಕು ಬೆಣಚುಕಲ್ಲು ಸರಿಸಿ, ಕಲ್ಲಿನ ಬಣ್ಣದ್ದೇ ಮೊಟ್ಟೆಯಿಟ್ಟು, ನೀವು ಮೂವತ್ತು ಮಾರು ದೂರದಲ್ಲಿರುವಾಗಲೇ ಕೂಗಿ ಊರು ಎಬ್ಬಿಸುವ ಟಿಟ್ಟಿಭ. ಮಧ್ಯಾಹ್ನ ನೆಲ ಸುಡುವಾಗ ಅದು ಕಾಲುವೆಗೆ ಹೋಗಿ ಹೊಟ್ಟೆಯ ಗರಿ ತೋಯಿಸಿಕೊಂಡು ಬಂದು ಮೊಟ್ಟೆಯ ಮೇಲೆ ನಿಲ್ಲುತ್ತದೆ, ತಣ್ಣಗಾಗಲೆಂದು. ಪಂಚತಂತ್ರದ ಟಿಟ್ಟಿಭ ಸಮುದ್ರದ ಜೊತೆ ಜಗಳವಾಡಿತ್ತು, ಇದರ ಹೋರಾಟ ಸೂರ್ಯನ ಜೊತೆ. ಸಿರುಗುಪ್ಪ ಸೀಮೆಯ ಎರೆಬಯಲಿನಲ್ಲಿ ಕಾಣಿಸಿಕೊಂಡ ಎರೆಭೂತದ ಕಥೆ ಇನ್ನೂ ಕಠಿಣ. ಆಳಿನ ಸೊಂಟದೆತ್ತರಕ್ಕೆ ಬರುವ ಆ ಹಕ್ಕಿ ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ದೇಶದಲ್ಲೇ ಅಳಿವಿನ ಅಂಚಿಗೆ ಬಂದು ನಿಂತಿರುವ ಅದಕ್ಕೆ ಬೇಕಿರುವುದು ಹುಲ್ಲೂ ಅಲ್ಲ, ಕೆಸರೂ ಅಲ್ಲ, ಯಾರೂ ತುಳಿಯದ ಬಯಲು. ಕೆಸರು, ಹತ್ತಿ, ವೈರು ಎಲ್ಲವನ್ನೂ ನಾವು ಬೇಡಬೇಡವೆಂದರೂ ಚೆಲ್ಲುತ್ತೇವೆ. ಅದೊಂದು ಸಾಮಾನನ್ನು ಮಾತ್ರ ಚೆಲ್ಲುವುದಿಲ್ಲ. ನೀರ ಹಕ್ಕಿಗಳ ದೊಡ್ಡ ಸಂತೆ ನೋಡಬೇಕೆನ್ನುವವರು ಹಗರಿಬೊಮ್ಮನಹಳ್ಳಿ ಕಡೆಯ ಅಂಕಸಮುದ್ರಕ್ಕೆ ಹೋಗಬಹುದು. ಕೆರೆಯೊಳಗಿನ ಕರಿಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಕೇರಿಯನ್ನೇ ಕಟ್ಟುವ ಜಾಗ ಅದು. ಜೌಗು ನೆಲೆಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಅದು ಸೇರಿದ ಸುದ್ದಿ 2024ರ ಜನವರಿಯಲ್ಲಿ ಬಂತು.

ಬಿಸಿಲು ನೆತ್ತಿಗೆ ಬಂದಿದೆ, ಆದರೂ ಒಂದು ಬಾವಿ ಬಾಕಿ. ಭತ್ತದ ಗದ್ದೆಯ ಅಂಚಿನ ಹಳೆಯ ಬಾವಿ, ಅದರ ಮೇಲೆ ಬಾಗಿದ ಜಾಲಿ, ಜಾಲಿಯ ತುದಿಗಳಲ್ಲಿ ಹೋದ ವರ್ಷದ ಗೀಜಗನ ಗೂಡುಗಳು ಒಣಗಿ ತೂಗುತ್ತಿವೆ. ಒಂದರೊಳಗೆ ರಾಟವಾಳದ ಜೋಡಿ ಹುಲ್ಲು ಸೇರಿಸುತ್ತಿದೆ, ಬಾಡಿಗೆ ಕೊಡದೆ ಹಳೆಯ ಮನೆ. ಗೀಜಗಗಳು ಎಲ್ಲಿ? ಇಲ್ಲೇ ಇವೆ, ಗುರುತು ಸಿಗುತ್ತಿಲ್ಲ ಅಷ್ಟೆ. ಗದ್ದೆಯ ಮೇಲೆ ದಡಕ್ಕನೆ ಎದ್ದು ದಡಕ್ಕನೆ ಇಳಿಯುತ್ತಿರುವ ಆ ಕಂದು ಹಿಂಡಿನಲ್ಲಿ ಗಂಡುಗಳೂ ಹೆಣ್ಣಿನ ಬಣ್ಣದಲ್ಲೇ ಇವೆ. ಹಳದಿ ಟೋಪಿ ಬರಲು ಮುಂಗಾರು ಹತ್ತಿರವಾಗಬೇಕು. ಏಕೆಂದರೆ ಗೀಜಗನ ಸಾಮಾನು ಹಸಿ ಗರಿ: ಅಂಚಿನಲ್ಲಿ ಕಚ್ಚಿ ಹಿಂದಕ್ಕೆ ಹಾರಿದರೆ ಉದ್ದಕ್ಕೆ ಸೀಳಿ ಬರುವ, ಗಂಟು ಹಾಕಿದರೆ ಮುರಿಯದ ಹುಲ್ಲು, ಭತ್ತದ ಎಲೆ. ಮರಿಗಳಿಗೆ ಮಳೆಗಾಲದ ಹುಳು ಬೇರೆ ಬೇಕು. ಕಾಲುವೆ ನೀರಿನಿಂದ ಈಗಲೂ ಗದ್ದೆ ಹಸಿರಾಗಿದೆ, ಆದರೂ ಅವು ಈ ಹಸಿರಿಗೆ ಮರುಳಾಗಿ ಗೂಡು ಹೂಡುವುದಿಲ್ಲ. 1930ರ ಮಳೆಗಾಲದಲ್ಲಿ ಮುಂಬೈ ಹತ್ತಿರದ ಕಿಹಿಮ್‌ನಲ್ಲಿ ಪಕ್ಷಿತಜ್ಞ ಸಲೀಂ ಅಲಿ ಏಣಿಯ ಮೇಲೆ ಕೂತು ನೋಡಿ ಬರೆದದ್ದು ಈಗ ಎಲ್ಲರಿಗೂ ಗೊತ್ತು. ಗಂಡು ಅರ್ಧ ಕಟ್ಟಿ ನಿಲ್ಲಿಸುತ್ತದೆ, ಹೆಣ್ಣು ಬಂದು ಒಳಹೊಕ್ಕು ಪರೀಕ್ಷೆ ಮಾಡಿ ಒಪ್ಪಿದರೆ ಮಾತ್ರ ಉಳಿದರ್ಧ. ಒಪ್ಪಿದ್ದು ಮೊಟ್ಟೆಯಿಟ್ಟರೆ ಗಂಡು ಪಕ್ಕದಲ್ಲೇ ಇನ್ನೊಂದು ಗೂಡಿಗೆ ಬುನಾದಿ ಹಾಕುತ್ತದೆ, ಇನ್ನೊಬ್ಬಳಿಗೆ.

ಗದ್ದೆಯ ಬದುವಿನಲ್ಲಿ ಕವಣೆ ಹಿಡಿದ ರೈತ ಹಿಂಡಿನ ಮೇಲೆ ಕಲ್ಲು ಬೀಸುತ್ತಾನೆ. ತೆನೆಗೆ ಹಾಲು ತುಂಬುವ ಹೊತ್ತು, ಅವನ ಸಿಟ್ಟು ನ್ಯಾಯವಾದದ್ದೇ. ಹಿಂಡು ಎದ್ದು ಪಕ್ಕದವನ ಗದ್ದೆಗೆ ಹೋಗಿ ಕೂರುತ್ತದೆ.

“ಈ ಜಾಲಿ ಕಡಿದ್ರೆ ಗೀಜಗ ಬರಲ್ಲ ಅಲ್ವಾ?” ಎಂದು ಕೇಳಿ ನೋಡಿ.

“ಜಾಲಿ ಯಾಕ್ ಕಡೀಲ್ರಿ? ನಮ್ಮಪ್ಪನ ಕಾಲದ್ದು, ಅದ್ರಾಗ ವರ್ಷಾ ಕಟ್ತಾವ.” ಕವಣೆಗೆ ಇನ್ನೊಂದು ಕಲ್ಲಿಡುತ್ತಾನೆ. “ತಿನ್ನಾಕ ಬರಬಾರ್ದು ಅಷ್ಟೇ. ಕಟ್ಟಾಕ ಬರ್ಲಿ. ಆಷಾಢದಾಗ ಬರ್ರಿ, ನಾಟಿ ಮಾಡಿರ್ತೀವಿ. ಆಗ ಎಲಿ ಸೀಳ್ಕೊಂಡು ಹೋಗ್ತಾವ ನೋಡ್ರಿ, ನಮ್ಮ ಪೈರಿಂದಲೇ.”